ಓದಲು ಬಂದರೆ ಜೀವ ಉಳೀತಿತ್ತು: 'ಕ್ಲರ್ಕ್' ಪದದ ಕಥೆ

ಇವತ್ತು ಆಫೀಸಿನ ಎರಡು ಇಂಗ್ಲಿಷ್ ಪದಗಳ ಹಿಂದೆ ಹೋಗೋಣ.

ಮೊದಲು ಆಡಿಟರ್. ಬಿ.ಕಾಂ.ನಲ್ಲಿ ಆಡಿಟಿಂಗ್ ಓದುವಾಗ ಇದನ್ನ ಯಾರೂ ನಮಗೆ ಹೇಳಲಿಲ್ಲ. ಲ್ಯಾಟಿನ್‌ನಲ್ಲಿ ಆಡಿಟರ್ ಅಂದ್ರೆ ಕೇಳಿಸಿಕೊಳ್ಳುವವನು. ಮಧ್ಯಯುಗದ ಇಂಗ್ಲೆಂಡ್‌ನಲ್ಲಿ ಲೆಕ್ಕವನ್ನು ಜೋರಾಗಿ ಓದಿ ಹೇಳ್ತಿದ್ರು, ಆತ ಕೂತು ಕೇಳ್ತಿದ್ದ. ಆ ಅರ್ಥದಲ್ಲಿ ಇಯರ್‌ಫೋನ್ ಹಾಕಿಕೊಂಡಿರೋ ನೀವೂ ಆಡಿಟರುಗಳೇ!

ಆದರೆ ನನ್ನನ್ನ ಬೆಚ್ಚಿಬೀಳಿಸಿದ್ದು ಕ್ಲರ್ಕ್. ಇವತ್ತು 'ಬರೀ ಕ್ಲರ್ಕು' ಅಂತ ಮೂಗು ಮುರೀತೀವಿ. ಇದರ ಮೂಲ ಕ್ಲೆರಿಕಸ್, ಅಂದ್ರೆ ಪಾದ್ರಿ. ಓದು ಬರಹ ಬಲ್ಲವರು ಹೆಚ್ಚಾಗಿ ಅವರೇ ಆಗಿದ್ದರಿಂದ ಬರೆಯೋ ಕೆಲಸದವರಿಗೆಲ್ಲ ಅದೇ ಹೆಸರು ಬಂತು.

ಈಗ ಅಸಲಿ ವಿಷಯ. ಪಾದ್ರಿ ಅಪರಾಧ ಮಾಡಿದರೆ ಚರ್ಚಿನ ಕೋರ್ಟಿಗೆ ಒಪ್ಪಿಸಬೇಕಿತ್ತು. ಅಲ್ಲಿ ಗಲ್ಲುಶಿಕ್ಷೆ ಇರಲಿಲ್ಲ. ಆದ್ರೆ ಮುಂದೆ ನಿಂತಿರೋನು ಪಾದ್ರಿನಾ ಅಲ್ವಾ ಅಂತ ತಿಳಿಯೋದು ಹೇಗೆ? ಕೈಗೆ ಬೈಬಲ್ ಕೊಟ್ಟು ಓದಿಸೋದು! ಬರಬರುತ್ತಾ, ಪಾದ್ರಿಯಲ್ಲದಿದ್ದರೂ ಓದಲು ಬಂದರೆ ಸಾಕು, ಕಾನೂನಿನ ಲೆಕ್ಕದಲ್ಲಿ ಅವನು ಕ್ಲರ್ಕ್. ಸಾಮಾನ್ಯವಾಗಿ ಓದಿಸುತ್ತಿದ್ದದ್ದು 51ನೇ ಕೀರ್ತನೆಯ ಒಂದು ವಚನ. ಜನ ಅದನ್ನ 'ನೆಕ್ ವರ್ಸ್', ಕುತ್ತಿಗೆ ಉಳಿಸೋ ವಚನ ಅಂತಲೇ ಕರೆದರು. ಅಕ್ಷರ ಗೊತ್ತಿಲ್ಲದ ಕೆಲವರು ಬಾಯಿಪಾಠ ಮಾಡಿ ಪಾರಾದದ್ದೂ ಉಂಟು.

1598ರಲ್ಲಿ ನಾಟಕಕಾರ ಬೆನ್ ಜಾನ್ಸನ್, ಗೇಬ್ರಿಯಲ್ ಸ್ಪೆನ್ಸರ್ ಅನ್ನೋ ನಟನನ್ನ ಕತ್ತಿಕಾಳಗದಲ್ಲಿ ಕೊಂದ. ಓದಿ ತೋರಿಸಿದ, ಬದುಕಿದ. ಹೆಬ್ಬೆರಳಿಗೆ ಬರೆ ಹಾಕಿ ಬಿಟ್ಟರು. ಯಾಕಂದ್ರೆ ಪಾದ್ರಿಯಲ್ಲದವರಿಗೆ ಇದು ಒಂದೇ ಸಲದ ಆಫರ್. ಮತ್ತೆ ಸಿಕ್ಕಿಬಿದ್ದರೆ ಗುರುತು ಹಿಡೀಬೇಕಲ್ಲ!

ಓದು ಬಾರದವನು ಅದೇ ತಪ್ಪಿಗೆ ನೇಣಿಗೇರಬೇಕಿತ್ತು. ಹೆಂಗಸರ ಪಾಡು ಇನ್ನೂ ಕಷ್ಟ. ಪಾದ್ರಿ ಆಗೋಕೆ ಸಾಧ್ಯವೇ ಇಲ್ಲದವರು ಅಂತ, ಓದಲು ಬಂದರೂ ಅವರಿಗೆ ಈ ರಿಯಾಯಿತಿ ಇರಲಿಲ್ಲ. 1624ರಲ್ಲಿ ಸಣ್ಣಪುಟ್ಟ ಕಳ್ಳತನಕ್ಕೆ ಮಾತ್ರ ಒಂದಿಷ್ಟು ಸಿಕ್ಕಿತು. ಓದಿಸೋ ಪರೀಕ್ಷೆ ನಿಂತಿದ್ದು 1706ರಲ್ಲಿ.

ಇಡೀ ರಿಯಾಯಿತಿಯೇ ರದ್ದಾಗಿದ್ದು 1827ರಲ್ಲಿ. ಅದೇ ವರ್ಷ ಲಂಡನ್ನಿನ ವಕೀಲರ ಆಫೀಸೊಂದಕ್ಕೆ 15 ವರ್ಷದ ಹುಡುಗನೊಬ್ಬ ಕ್ಲರ್ಕ್ ಆಗಿ ಸೇರಿದ. ಹೆಸರು ಚಾರ್ಲ್ಸ್ ಡಿಕನ್ಸ್.