ಉಂಬಳಿಯಿಲ್ಲದ ಚಾವಡಿ

ಪೀಣ್ಯದ ಕೈಗಾರಿಕಾ ಪ್ರದೇಶದ ಅಂಚಿನಲ್ಲಿ, ಲೇತು ಯಂತ್ರಗಳ ಸದ್ದು ಎರಡನೆಯ ಪಾಳಿ ಮುಗಿಯುವವರೆಗೂ ಅಡಗದ ಒಂದು ಓಣಿಯ ಕೊನೆಗೆ, ನಗರಸಭೆಯ ಕಾಲದಲ್ಲಿ ಕಟ್ಟಿಸಿದ ಸಮುದಾಯ ಭವನವೊಂದುಂಟು. ಯಾರನ್ನೂ ನೋಯಿಸುವ ಉದ್ದೇಶ ನನಗಿಲ್ಲವಾದುದರಿಂದ ಬಡಾವಣೆಯ ಹೆಸರನ್ನು ಹೇಳದೆ ಬಿಡುತ್ತೇನೆ. ಬಾಗಿಲ ಪಕ್ಕದ ಕರಿಕಲ್ಲಿನ ಮೇಲೆ ಶಂಕುಸ್ಥಾಪನೆಗೆ ದಯಮಾಡಿಸಿದವರ, ಅಧ್ಯಕ್ಷತೆ ವಹಿಸಿದವರ, ಘನ ಉಪಸ್ಥಿತಿಯಿಂದ ಶೋಭೆ ತಂದವರ ಹೆಸರುಗಳು ಅವರವರ ಅಂತಸ್ತಿಗೆ ತಕ್ಕ ಗಾತ್ರದ ಅಕ್ಷರಗಳಲ್ಲಿ ಕೆತ್ತಲ್ಪಟ್ಟಿವೆ. ಕಟ್ಟಡವನ್ನು ಗುಡಿಸುವವರು ಯಾರು, ಗುಡಿಸಿದವರಿಗೆ ಸಂಬಳ ಯಾವ ಬಾಬತ್ತಿನಿಂದ ಎಂಬುದಕ್ಕೆ ಮಾತ್ರ ಆ ಕಲ್ಲಿನಲ್ಲಿ ಜಾಗ ಸಾಲದೆ ಹೋಗಿದೆ.

ಒಳಗಿನ ಮೇಜಿನ ಮೇಲೆ ಬೆನ್ನು ಕಿತ್ತ ಬುಕಿಂಗ್ ರಿಜಿಸ್ಟರು. ಕಾವಲುಗಾರನ ಅನುಮತಿ ಪಡೆದು ಅದರ ಹಾಳೆಗಳನ್ನು ತಿರುವಿದೆ. ಸೀಮಂತ, ನಾಮಕರಣ, ಗೃಹಪ್ರವೇಶದ ಊಟ, ಹನ್ನೊಂದನೆಯ ದಿನದ ಕಾರ್ಯ: ಇವುಗಳ ಮುಂದೆ ರಸೀತಿಯ ಸಂಖ್ಯೆಯಿದ್ದಿತು. ಸ್ತ್ರೀಶಕ್ತಿ ಸಂಘದ ಸಭೆ, ಪೋಲಿಯೊ ಹನಿ, ಮತಗಟ್ಟೆ, ರಾಜ್ಯೋತ್ಸವದ ನಾಟಕದ ತಾಲೀಮು: ಇವುಗಳ ಮುಂದೆ ಕೆಂಪು ಶಾಯಿಯಲ್ಲಿ ‘ಉಚಿತ’ ಎಂದು ಬರೆದಿದ್ದಿತು. ಹೀಗೆ ಕೆಂಪು ಶಾಯಿಯಲ್ಲಿ ಬರೆದುದೇ ವರ್ಷದ ಕೊನೆಗೆ ಲೆಕ್ಕಿಗರ ಕೈಯಲ್ಲಿ ‘ನಷ್ಟ’ವೆಂಬ ಹೆಸರನ್ನು ಪಡೆಯುತ್ತದೆ. “ಬಾಡಿಗೆ ಬಂದ ದಿನ ನೀರಿರಲ್ಲ ಸಾರ್, ನೀರು ಬಂದ ದಿನ ಬಾಡಿಗೆ ಇರಲ್ಲ” ಎಂದು ಕಾವಲುಗಾರ ಹೇಳಿದ. ಈಗ ಅಂಥ ಭವನಗಳನ್ನು ಪಾಲಿಕೆಯೇ ನಡೆಸಬೇಕೆ, ಗುತ್ತಿಗೆಗೆ ಕೊಡಬೇಕೆ, ಕೆಡವಿ ಅಂಗಡಿ ಸಂಕೀರ್ಣವನ್ನೆಬ್ಬಿಸಬೇಕೆ ಎಂಬ ಚರ್ಚೆ ಆಗಾಗ್ಗೆ ಏಳುತ್ತಿರುವುದರಿಂದ, ಈ ಸೀಮೆಯಲ್ಲಿ ಹತ್ತು ಜನ ಕೂಡುವ ಸ್ಥಳವೆಂಬುದು ಹಿಂದೆ ಯಾವ ಅನ್ನವನ್ನುಂಡು ಬದುಕಿದ್ದಿತೆಂಬುದನ್ನು ಸ್ವಲ್ಪ ವಿಚಾರಿಸುವುದು ಅಪ್ರಕೃತವಾಗಲಾರದು.

ಎಲೆಕ್ಟ್ರಾನಿಕ್ ಸಿಟಿ ಎದ್ದ ನೆಲದ ಹೆಸರು ಕೋನಪ್ಪನ ಅಗ್ರಹಾರ. ವೈಟ್‌ಫೀಲ್ಡಿನ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ನಿಂತ ನೆಲದ ಹೆಸರು ಪಟ್ಟಂದೂರು ಅಗ್ರಹಾರ. ಗಾಜಿನ ಗೋಡೆಯ ಹಿಂದೆ ಕುಳಿತು ಸಾಗರದಾಚೆಯ ಬ್ಯಾಂಕುಗಳ ಲೆಕ್ಕ ಬರೆಯುವ ತರುಣರು ತಮ್ಮ ವಿಳಾಸದಲ್ಲಿ ಪ್ರತಿದಿನವೂ ಒಂದು ದತ್ತಿಯ ಹೆಸರನ್ನು ಬರೆಯುತ್ತಿದ್ದಾರೆಂಬುದು ಅವರ ಗಮನಕ್ಕೆ ಬಂದಿರಲಾರದು. ಅಗ್ರಹಾರವೆಂದರೆ ಉತ್ಪತ್ತಿಯನ್ನು ಒಂದು ಕಾರ್ಯಕ್ಕೆಂದು ಬಿಟ್ಟುಕೊಟ್ಟ ಊರಷ್ಟೆ. ಹಳ್ಳಿಯ ಚಾವಡಿಯೂ ಇದೇ ನ್ಯಾಯದಿಂದ ಬದುಕಿದ್ದಿತು. ಪಟೇಲರು ಕುಳಿತು ವ್ಯಾಜ್ಯ ಕೇಳಿದ, ಶಾನುಭೋಗರು ಕಡತ ಬಿಚ್ಚಿದ, ದಾರಿಹೋಕನು ಗಂಟಿಳಿಸಿ ಮಲಗಿದ, ಹಬ್ಬದ ರಾತ್ರಿ ಬಯಲಾಟದವರು ಬಣ್ಣ ಹಚ್ಚಿಕೊಂಡ ಆ ಜಗಲಿಗೆ ಯಾರೂ ಬಾಡಿಗೆ ಕೊಟ್ಟವರಲ್ಲ. ಚಾವಡಿಯ ಚಾಕರಿ ಮಾಡುವ ತೋಟಿ ತಳವಾರರಿಗೆ ಉಂಬಳಿಯಾಗಿ ಇನಾಮು ಜಮೀನಿದ್ದಿತು, ಆ ಜಮೀನಿನ ರಾಗಿಯೇ ಚಾವಡಿಯ ಪೊರಕೆಗೂ ಹಣತೆಗೂ ಮೂಲಧನವಾಗಿದ್ದಿತು.

ಹಾಗೆಂದು ಆ ವ್ಯವಸ್ಥೆಯನ್ನು ಹೊಗಳಲು ನನಗೆ ಬಾಯಿ ಬಾರದು. ತೋಟಿಯ ಇನಾಮು ಅವನ ಮಗನನ್ನೂ ಮೊಮ್ಮಗನನ್ನೂ ಅದೇ ಚಾಕರಿಗೆ ಕಟ್ಟಿಹಾಕಿದ ಹಗ್ಗವೂ ಆಗಿದ್ದಿತು. ಯಾವ ಕುಲದವನು ಚಾವಡಿಯನ್ನು ಗುಡಿಸುತ್ತಿದ್ದನೋ ಆ ಕುಲದವನೇ ಚಾವಡಿಯ ಮೇಲೆ ಕುಳಿತುಕೊಳ್ಳುವಂತಿರಲಿಲ್ಲ. 1954 ಮತ್ತು 1955ರ ಇನಾಮು ರದ್ದತಿ ಕಾಯಿದೆಗಳೂ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆಯೂ ಆ ಹಗ್ಗವನ್ನು ಕತ್ತರಿಸಿದುವು, ಕತ್ತರಿಸಿದುದು ನ್ಯಾಯವೇ. ಆದರೆ ಅನ್ಯಾಯದ ಉಂಬಳಿಯನ್ನು ತೆಗೆದವರು ಅದರ ಸ್ಥಾನದಲ್ಲಿ ನ್ಯಾಯದ ಉಂಬಳಿಯೊಂದನ್ನು ಇಡಬೇಕೆಂಬುದನ್ನು ಮರೆತರು.

ಪೇಟೆಯಲ್ಲಿ ಈ ಕೆಲಸವನ್ನು ವರ್ತಕರ ಧರ್ಮಬುದ್ಧಿ ಮಾಡಿದ್ದಿತು. ಗುಬ್ಬಿ ತೋಟದಪ್ಪನವರು 1903ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಎದುರಿಗೆ ಛತ್ರವನ್ನು ಸ್ಥಾಪಿಸಿದಾಗ ಕಟ್ಟಡವನ್ನಷ್ಟೇ ಕಟ್ಟಿ ಕೈತೊಳೆದುಕೊಳ್ಳದೆ, ಅದು ನಡೆಯುವುದಕ್ಕೆಂದು ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದಿಟ್ಟರು. ಶತಮಾನ ಕಳೆದರೂ ಆ ಛತ್ರ ನಿಂತಿರುವುದರ ಗುಟ್ಟು ಆ ಪತ್ರದಲ್ಲಿದೆ. ಪುರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರ ಹೆಸರನ್ನು ಹೊತ್ತು 1935ರಲ್ಲಿ ಬಾಗಿಲು ತೆರೆದ ಪುರಭವನವು, ಎತ್ತರದ ಮೆಟ್ಟಿಲುಗಳ ಮೇಲೆ ಪಾಶ್ಚಾತ್ಯ ಕಂಬಗಳನ್ನು ನಿಲ್ಲಿಸಿಕೊಂಡು, ಸ್ಥಳೀಯ ಸಂಸ್ಥೆಯೇ ಜನರಿಗೊಂದು ಸಭಾಂಗಣವನ್ನು ನಡೆಸಬಹುದೆಂಬುದಕ್ಕೆ ಮಾದರಿಯಾಯಿತು. ನಗರದ ಹೊರವಲಯಕ್ಕೆ ಆ ಮಾದರಿ ತಲುಪುವುದಕ್ಕೆ ಆರು ದಶಕಗಳೇ ಹಿಡಿದುವು. 1882ರಲ್ಲಿ ಡಿ. ಎಸ್. ವೈಟ್ ಅವರ ಹೆಸರಿನಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿದ ವೈಟ್‌ಫೀಲ್ಡ್, ನಡುವೆ ಬಯಲು, ಸುತ್ತ ಮನೆಗಳೆಂಬ ತನ್ನ ವೃತ್ತಾಕಾರದ ಯೋಜನೆಯಲ್ಲೇ ಕೂಡುವ ಸ್ಥಳವನ್ನಿಟ್ಟುಕೊಂಡಿದ್ದಿತು. ಸುತ್ತಣ ಹಳ್ಳಿಗಳಿಗೆ ಮಾತ್ರ ಅರಳಿಕಟ್ಟೆಯೇ ಗತಿಯಾಗಿದ್ದಿತು.

ಈ ನಡುವಿನ ಕಾಲದಲ್ಲಿ ಕೂಟದ ಹೊಣೆಯನ್ನು ಹೊತ್ತುದು ಕಾರ್ಖಾನೆ. 1953ರಲ್ಲಿ ಎಚ್.ಎಂ.ಟಿ.ಯೂ 1954ರಲ್ಲಿ ಬಿ.ಇ.ಎಲ್. ಸಂಸ್ಥೆಯೂ ಸ್ಥಾಪಿತವಾಗಿ ಜಾಲಹಳ್ಳಿಯ ಬಯಲಿನಲ್ಲಿ ಬೆಳೆದಾಗ, ಯಂತ್ರದ ಮನೆಯ ಜೊತೆಗೆ ಕಾಲೊನಿಯೂ ಶಾಲೆಯೂ ಆಸ್ಪತ್ರೆಯೂ ರಂಗಮಂದಿರವೂ ಒಂದೇ ನಕ್ಷೆಯ ಅಂಗಗಳಾಗಿ ಎದ್ದುವು. ಹಗಲೆಲ್ಲ ಗಡಿಯಾರದ ಸೂಕ್ಷ್ಮಚಕ್ರಗಳನ್ನು ಕೂಡಿಸಿದ ಬೆರಳುಗಳು ಸಂಜೆ ಹಾರ್ಮೋನಿಯಮಿನ ಮೇಲೆ ಆಡಿದುವು. ಫಿಟ್ಟರನು ಹರಿಶ್ಚಂದ್ರನಾದನು, ಫೋರ್‌ಮನ್ನನು ವೀರಬಾಹುವಾಗಿ ಅವನನ್ನು ಕೊಂಡುಕೊಂಡನು. ಕಾರ್ಖಾನೆಯ ಕನ್ನಡ ಸಂಘಗಳ ರಾಜ್ಯೋತ್ಸವಗಳು ಡಿಸೆಂಬರಿನವರೆಗೂ ಮುಂದುವರಿಯುತ್ತಿದ್ದುದನ್ನು ಅಂದಿನವರು ಈಗಲೂ ನೆನೆಯುತ್ತಾರೆ. ಆ ರಂಗಮಂದಿರ ಲಾಭದಲ್ಲಿದೆಯೇ ಎಂದು ಯಾರೂ ಕೇಳಿದವರಲ್ಲ, ಏಕೆಂದರೆ ಅದರ ದೀಪದ ಬಿಲ್ಲು ಕಾರ್ಖಾನೆಯ ಕ್ಷೇಮಾಭಿವೃದ್ಧಿಯ ಲೆಕ್ಕದಲ್ಲಿ ಕರಗಿಹೋಗುತ್ತಿದ್ದಿತು. ಚಾವಡಿಗೆ ಇನಾಮು ಹೇಗೋ, ಇದಕ್ಕೆ ಕಾರ್ಖಾನೆ ಹಾಗೆ. ಉಂಬಳಿ ಬತ್ತಿದರೆ ಏನಾಗುವುದೆಂಬುದನ್ನೂ ಜಾಲಹಳ್ಳಿ ಕಂಡಿತು: ಎಚ್.ಎಂ.ಟಿ.ಯ ಕೈಗಡಿಯಾರದ ಘಟಕವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ನಿರ್ಧರಿಸಿದ ಮೇಲೆ, ಕಾಲೊನಿಯ ಸಂಜೆಗಳೂ ತೆಳ್ಳಗಾದುವು.

ಪೀಣ್ಯದ ಜಾತಕವೇ ಬೇರೆ. ಕಳೆದ ಶತಮಾನದ ಎಂಟನೆಯ ದಶಕದಲ್ಲಿ ಸಣ್ಣ ಕೈಗಾರಿಕೆಗಳಿಗಾಗಿ ರೂಪುಗೊಂಡ ಈ ಪ್ರದೇಶದಲ್ಲಿ ಹತ್ತು ಹದಿನೈದು ಜನರನ್ನಿಟ್ಟುಕೊಂಡು ಸ್ಕ್ರೂ, ಸ್ಪ್ರಿಂಗು, ಡೈಗಳನ್ನು ಮಾಡುವ ಶೆಡ್ಡಿನ ಒಡೆಯನಿಂದ ರಂಗಮಂದಿರವನ್ನು ನಿರೀಕ್ಷಿಸುವುದು ಎತ್ತಿನಿಂದ ಹಾಲು ನಿರೀಕ್ಷಿಸಿದಂತೆ. ಕಾಲೊನಿಯಿಲ್ಲ, ಕ್ವಾರ್ಟರ್ಸಿಲ್ಲ, ರಾಯಚೂರು ಕಲಬುರಗಿಗಳಿಂದಲೂ ಬಿಹಾರ ಒಡಿಶಾಗಳಿಂದಲೂ ಬಂದವರು ವಠಾರಗಳಲ್ಲಿಯೂ ಶೀಟಿನ ಮನೆಗಳಲ್ಲಿಯೂ ನೆಲೆ ಕಂಡರು. ಮಗಳ ಸೀಮಂತಕ್ಕೆ ಅವರು ರಸ್ತೆಗೆ ಅಡ್ಡಲಾಗಿ ಶಾಮಿಯಾನ ಕಟ್ಟಿದರು, ಇಂದಿಗೂ ಕಟ್ಟುತ್ತಾರೆ.

ಇಲ್ಲಿ ಕಾರ್ಖಾನೆ ಹೊರದ ಹೊಣೆ ಕೊನೆಗೆ ನಗರಸಭೆಗಳ ಮೇಲೆ ಬಿದ್ದಿತು. ಸಂವಿಧಾನದ 74ನೆಯ ತಿದ್ದುಪಡಿಯು ನಗರ ಸಂಸ್ಥೆಗಳಿಗೆ ಒಪ್ಪಿಸಬಹುದೆಂದ 18 ವಿಷಯಗಳಲ್ಲಿ ಸಾಂಸ್ಕೃತಿಕ ಕಾರ್ಯಗಳ ಪ್ರೋತ್ಸಾಹವೂ ಒಂದು. ದಾಸರಹಳ್ಳಿ, ಮಹದೇವಪುರ, ಬೊಮ್ಮನಹಳ್ಳಿಗಳ ನಗರಸಭೆಗಳ ಕಾಲದಲ್ಲಿಯೇ ಹಣದ ಹೊಸ ಒರತೆಯೊಂದು ತೆರೆದಿದ್ದಿತು. 1993ರ ಡಿಸೆಂಬರಿನಲ್ಲಿ ಆರಂಭವಾದ ಸಂಸದರ ಪ್ರದೇಶಾಭಿವೃದ್ಧಿ ನಿಧಿಯು ಮೊದಲ ವರ್ಷ ಒಬ್ಬರಿಗೆ 5 ಲಕ್ಷ ರೂಪಾಯಿಯಾಗಿದ್ದುದು, 1998ರ ಹೊತ್ತಿಗೆ 2 ಕೋಟಿಗೂ 2011ಕ್ಕೆ 5 ಕೋಟಿಗೂ ಏರಿತು. ಆ ನಿಧಿಯ ಧೋರಣೆಯೇ ಬಾಳುವಂಥ ಆಸ್ತಿಯನ್ನು ಸೃಷ್ಟಿಸುವುದು. ವರ್ಷವರ್ಷದ ಖರ್ಚಿಗೆ ಅದರಲ್ಲಿ ಎಡೆಯಿಲ್ಲ. ಗೋಡೆಗೆ ಹಣವುಂಟು, ಬಲ್ಬಿಗಿಲ್ಲ. ಅದಲ್ಲದೆ ರೆವಿನ್ಯೂ ಬಡಾವಣೆಗಳಲ್ಲಿ ನಾಗರಿಕ ಸೌಲಭ್ಯದ ನಿವೇಶನವೆಂಬುದೇ ದುರ್ಲಭವಾದುದರಿಂದ, ಭವನವನ್ನು ಕಟ್ಟುವವರು ಗುಂಡುತೋಪನ್ನೋ ಗೋಮಾಳವನ್ನೋ ಕೆರೆಯಂಚಿನ ಖರಾಬನ್ನೋ ಹುಡುಕಿಕೊಂಡರು. ಮಳೆಗಾಲದಲ್ಲಿ ಅಡುಗೆಮನೆಯೊಳಗೆ ನೀರು ನಿಲ್ಲುವ ಭವನಗಳನ್ನು ಕಂಡಾಗ, ಕೆರೆಯು ತನ್ನ ಹಳೆಯ ಹಕ್ಕನ್ನು ಕೇಳಲು ಬಂದಿದೆಯೆಂದೇ ತೋರುತ್ತದೆ.

2007ರಲ್ಲಿ ಏಳು ನಗರಸಭೆಗಳೂ ಕೆಂಗೇರಿಯ ಪುರಸಭೆಯೂ 110 ಹಳ್ಳಿಗಳೂ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ ಲೀನವಾದಾಗ, ಈ ಭವನಗಳೂ ಮದುವೆಯಾಗಿ ಬಂದ ಮನೆಯ ಹಳೆಯ ಪಾತ್ರೆಗಳಂತೆ ಲೆಕ್ಕಕ್ಕೆ ಸೇರಿದುವು. ಹಿಂದೆ ಬೀಗದ ಕೈ ಯಾರ ಬಳಿಯಿದೆಯೆಂದು ಊರಿಗೇ ಗೊತ್ತಿದ್ದಿತು. ಈಗ ಅದನ್ನು ತಿಳಿಯುವುದಕ್ಕೆ ಅರ್ಜಿ ಬೇಕಾಯಿತು. 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸಭೆಯ ಅವಧಿ ಮುಗಿದು ಆಡಳಿತಾಧಿಕಾರಿಗಳ ಕೈಗೆ ಪಾಲಿಕೆ ಹೋಯಿತು. 2025ರಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಸಭಾಂಗಣದ ಭವಿತವ್ಯವನ್ನು ನಿರ್ಧರಿಸಬೇಕಾದ ಸಭೆಯೇ ವರ್ಷಗಟ್ಟಲೆ ಇಲ್ಲದಿದ್ದುದು ಈ ಕಥೆಯ ವಿಚಿತ್ರ. ಎಲೆಕ್ಟ್ರಾನಿಕ್ ಸಿಟಿಯಂತೂ ಪಾಲಿಕೆಯ ಗಡಿಯಿಂದ ಹೊರಗೇ ಉಳಿದು, 2013ರಲ್ಲಿ ತನ್ನದೇ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವನ್ನು ಪಡೆಯಿತು.

ಇಂಗ್ಲೆಂಡಿನಲ್ಲಿಯೂ ಊರಿನ ಸಭಾಭವನಗಳಿಗೆ ಇದೇ ಗತಿ ಬಂದಾಗ, 2011ರ ಲೋಕಲಿಸಂ ಕಾಯಿದೆಯು ಇಂಥ ಆಸ್ತಿಯನ್ನು ಮಾರುವ ಮುನ್ನ ಸ್ಥಳೀಯ ಸಂಘಗಳಿಗೆ ಕೊಳ್ಳಲು ಮುಂದೆ ಬರುವಷ್ಟು ಕಾಲಾವಕಾಶವನ್ನು ಕಲ್ಪಿಸಿತು. ಅಷ್ಟು ದೂರ ಹೋಗುವುದೇಕೆ? ನಮ್ಮಲ್ಲೇ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಮೇರೆಗೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವೆಂಬುದುಂಟು. ಈಗ ಅದು ನೂರಕ್ಕೆ 6. ವಸೂಲಾದ ಹಣ ಸಕಾಲಕ್ಕೆ ಗ್ರಂಥಾಲಯವನ್ನು ತಲುಪುವುದಿಲ್ಲವೆಂಬ ದೂರು ಹಳೆಯದು, ಅದಿರಲಿ. ಗ್ರಂಥಾಲಯವು ನಷ್ಟದಲ್ಲಿದೆಯೆಂದು ಅದನ್ನು ಹರಾಜು ಹಾಕಬೇಕೆಂದು ಯಾರೂ ಹೇಳುವುದಿಲ್ಲ, ಏಕೆಂದರೆ ಅದಕ್ಕೊಂದು ಉಂಬಳಿಯಿದೆ. ಅದೇ ಓಣಿಯ ಸಭಾಂಗಣಕ್ಕೆ ಕಾಸಿನ ಕರವೂ ಇಲ್ಲ.

ಎಲ್ಲ ಭವನಗಳನ್ನೂ ಉಳಿಸಬೇಕೆಂದು ನಾನು ಹಟ ಹಿಡಿಯಲಾರೆ. ಕೆರೆಯಂಗಳದಲ್ಲಿ ನಿಂತುವು ಕೆರೆಗೇ ಮರಳಲಿ. ಬಾಗಿಲು ತೆರೆಯುವವರಿಲ್ಲದೆ ಇಸ್ಪೀಟಿನವರ ಪಾಲಾದುವು ಅಂಗನವಾಡಿಯಾದರೂ ಆಗಲಿ. ಗುತ್ತಿಗೆಯ ವಿಷಯದಲ್ಲಿ ಮಾತ್ರ ನನಗೆ ಸಂಶಯ. ಗುತ್ತಿಗೆದಾರನು ದುಷ್ಟನೆಂದಲ್ಲ, ಅವನು ಕಟ್ಟಿದ ಹಣವನ್ನು ಮರಳಿ ಪಡೆಯಲೇಬೇಕು, ಮರಳಿ ಪಡೆಯಬೇಕಾದರೆ ‘ಉಚಿತ’ವೆಂಬ ಕೆಂಪು ಶಾಯಿಯ ಸಾಲುಗಳನ್ನು ಮೊದಲು ಹೊಡೆದುಹಾಕಬೇಕು. ಸ್ತ್ರೀಶಕ್ತಿ ಸಂಘದವರು ದೇವಸ್ಥಾನದ ಮೆಟ್ಟಿಲಿಗೆ ಹೋಗುತ್ತಾರೆ, ನಾಟಕದವರು ಮನೆಗೆ ಹೋಗುತ್ತಾರೆ. ಅದಕ್ಕೆ ಬದಲು ರಸ್ತೆಯ ಕಡೆಗೆ ನಾಲ್ಕು ಮಳಿಗೆಗಳನ್ನು ತೆಗೆದು, ಅವುಗಳ ಬಾಡಿಗೆಯನ್ನು ಪಾಲಿಕೆಯ ದೊಡ್ಡ ಗುಡಾಣಕ್ಕೆ ಸುರಿಯದೆ ಆ ಭವನದ ಹೆಸರಿಗೇ ಬರೆದಿಟ್ಟರೆ, ತೋಟದಪ್ಪನವರು ಮಾಡಿದುದನ್ನು ನಾವು ಸಣ್ಣ ಪ್ರಮಾಣದಲ್ಲಿ ಮಾಡಿದಂತಾಗುತ್ತದೆ.

ನಾನು ಹೊರಡುವ ಹೊತ್ತಿಗೆ, ಗಾರ್ಮೆಂಟ್ಸ್ ಕೆಲಸ ಮುಗಿಸಿ ಬಂದ ಹೆಂಗಸೊಬ್ಬಳು ಟಿಫನ್ ಡಬ್ಬಿಯ ಚೀಲವನ್ನು ಮೇಜಿನ ಮೇಲಿಟ್ಟು, ಮುಂದಿನ ತಿಂಗಳ ಎರಡನೆಯ ಭಾನುವಾರ ಮಗಳ ಸೀಮಂತಕ್ಕೆ ಭವನ ಸಿಗುವುದೇ ಎಂದು ಕೇಳಿದಳು. ಕಾವಲುಗಾರ ರಿಜಿಸ್ಟರನ್ನು ತೆರೆದು, ಜೇಬಿನಲ್ಲಿದ್ದ ಪೆನ್ನನ್ನು ಬಿಟ್ಟು, ಮೇಜಿನ ಖಾನೆಯಿಂದ ಮೊಂಡು ಪೆನ್ಸಿಲೊಂದನ್ನು ತೆಗೆದ. “ಟೆಂಡರ್ ಆಗತ್ತೆ ಅಂತಾವ್ರೆ ಅಕ್ಕ, ಸದ್ಯಕ್ಕೆ ಹೀಗೇ ಬರ್ಕೊಂಡಿರ್ತೀನಿ” ಎಂದು ಅವಳ ಹೆಸರನ್ನು ಕೇಳಿದ.