ರೂಪಾಯಿ ಅಪಮೌಲ್ಯ, 1966

ಇಂದಿರಾ ಗಾಂಧಿ ಸರ್ಕಾರ 1966ರ ಜೂನ್ 6ರಿಂದ ರೂಪಾಯಿಯ ಮೌಲ್ಯ ಇಳಿಸಿತು. 4.76 ರೂಪಾಯಿಗೆ ಸಿಗುತ್ತಿದ್ದ ಡಾಲರ್‌ಗೆ 7.50 ರೂಪಾಯಿ ತೆರಬೇಕಾಯಿತು.

ಲೆಕ್ಕ ಸರಳ. 476 ರೂಪಾಯಿಯ ಸರಕು ವಿದೇಶಿ ಗಿರಾಕಿಗೆ 100ರ ಬದಲು ಸುಮಾರು 63 ಡಾಲರ್‌ಗೆ ಸಿಗುತ್ತದೆ, ರಫ್ತು ಏರಬೇಕು. ಆದರೆ 100 ಡಾಲರ್‌ನ ಆಮದು ಬಿಡಿಭಾಗಕ್ಕೆ ಇಲ್ಲಿನ ಕಾರ್ಖಾನೆ 750 ರೂಪಾಯಿ ಕೊಡಬೇಕು.

ರಫ್ತು ನಿರೀಕ್ಷೆಯಷ್ಟು ಏರಲಿಲ್ಲ. ಅದೇ ಹೊತ್ತಿಗೆ ಸರ್ಕಾರ ರಫ್ತು ಸಬ್ಸಿಡಿಗಳನ್ನು ಹಿಂತೆಗೆದುಕೊಂಡು, ಚಹಾ ಮತ್ತು ಸೆಣಬಿನ ಸರಕಿನ ಮೇಲೆ ರಫ್ತು ಸುಂಕ ಹೇರಿತು. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕಸಿದಂತಾಯಿತು. ಜೊತೆಗೆ ಸತತ ಎರಡು ವರ್ಷ ಭೀಕರ ಬರ. ಧಾನ್ಯದ ಬೆಲೆ ಗಗನಕ್ಕೇರಿತು. ಜನ ಅಪಮೌಲ್ಯವನ್ನೇ ದೂರಿದರು. ಆ ದೂರು ಪೂರ್ತಿ ನ್ಯಾಯವಲ್ಲ: ಮಳೆ ಕೈಕೊಟ್ಟದ್ದಕ್ಕೆ ವಿನಿಮಯ ದರ ಹೊಣೆಯಲ್ಲ.

ಅಪಮೌಲ್ಯದ ಫಲ ಅದರ ಜೊತೆಗಿನ ಕ್ರಮಗಳ ಮೇಲೂ ನಿಂತಿರುತ್ತದೆ: 1991ರ ಜುಲೈ 1 ಮತ್ತು 3ರಂದು ರೂಪಾಯಿಯನ್ನು ಮತ್ತೆ ಇಳಿಸಿದಾಗ, ಕೈಗಾರಿಕಾ ಲೈಸೆನ್ಸ್ ನಿಯಮಗಳೂ ಅದೇ ತಿಂಗಳು ಸಡಿಲಗೊಂಡವು.