ಗಂಜಿಯ ಚೀಲ, ಕರಾವಳಿಯ ಮಳೆ

ಪಿಷ್ಟವನ್ನು ಕೊಳೆಯುವ ಪ್ಲಾಸ್ಟಿಕ್ಕಿನ ಜೊತೆ ಬೆರೆಸಿ, ಸಾಮಾನು ಕಟ್ಟಲು ಆಗುವಂಥ ತೆಳು ಹಾಳೆ ತಯಾರಿಸುವುದು ನನ್ನ ಪಿಎಚ್‌ಡಿ ಕೆಲಸ. ಮಾರ್ಚಿನಲ್ಲಿ ಎರೆದ ಹಾಳೆ ಚೆನ್ನಾಗಿತ್ತು. ಜುಲೈಯಲ್ಲಿ ಅದೇ ಅಳತೆಯಲ್ಲಿ ಮಾಡಿದ್ದು ಅಂಟಂಟಾಗಿ, ವಾರದೊಳಗೆ ಬೂಸ್ಟು ಹಿಡಿಯಿತು. ಬೆಳ್ತಂಗಡಿ ಕಡೆಯ ನನ್ನ ಅಜ್ಜಿಗೆ ಈ ಕಷ್ಟ ಹೇಳಿಕೊಂಡೆ. "ಆಟಿ ತಿಂಗಳಲ್ಲಿ ಹಪ್ಪಳ ಒಣಗಿಸ್ಲಿಕ್ಕೆ ಹೊರಟಿದ್ದೀಯಲ್ಲ ಮಾರಾಯ್ತಿ" ಎಂದರು.

ನಕ್ಕು ಬಿಟ್ಟುಬಿಡುವ ಮಾತಲ್ಲ ಅದು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಜನ ಶತಮಾನಗಳ ಕಾಲ ಕೊಳೆಯುವ ವಸ್ತುಗಳಲ್ಲೇ ಸಾಮಾನು ಕಟ್ಟಿಟ್ಟಿದ್ದಾರೆ. ಅಕ್ಕಿ ಮುಡಿಯನ್ನೇ ನೋಡಿ. ಬೈಹುಲ್ಲನ್ನು ಹರಡಿ, ಬಿಸಿಲಿಗೆ ಒಣಗಿದ ಅಕ್ಕಿ ಸುರಿದು, ಹುಲ್ಲಿನದೇ ಹಗ್ಗದಿಂದ ಬಿಗಿದು, ಬಡಿದು ಬಡಿದು ಉರುಟು ಮಾಡುತ್ತಿದ್ದರು. ಒಂದು ಮುಡಿಗೆ ಸಾಮಾನ್ಯವಾಗಿ 42 ಸೇರು. ಗೇಣಿಯ ಲೆಕ್ಕವೂ ಮುಡಿಯಲ್ಲೇ. ಇಲ್ಲಿ ಕಟ್ಟುವ ವಿಧಾನವೇ ಅಳತೆಯ ಹೆಸರೂ ಆಗಿತ್ತು. ನೇತ್ರಾವತಿಯ ದಡದ ಬಂಟ್ವಾಳ ಪೇಟೆ ಬೆಳೆದದ್ದು ಹೊಳೆಯಲ್ಲಿ ದೋಣಿ ಓಡುತ್ತಿದ್ದ ಕಾಲದ ವ್ಯಾಪಾರದಿಂದ. ಆಮೇಲೆ ಗೋಣಿ ಬಂತು, ಅದರ ಹಿಂದೆ ಪ್ಲಾಸ್ಟಿಕ್ ಚೀಲ. 1974ರ ಭೂಸುಧಾರಣೆಯ ನಂತರ ಗೇಣಿಯ ಮುಡಿಯೂ ಹೋಯಿತು. (ಗೇಣಿ ಕೊಟ್ಟವರ ಮನೆಗಳಲ್ಲಿ ಮುಡಿಯ ನೆನಪು ಅಷ್ಟೇನೂ ಸವಿಯಾಗಿಲ್ಲ, ಅದನ್ನೂ ಹೇಳಬೇಕು.)

ಹುಲ್ಲು ಗದ್ದೆಯಲ್ಲಿ ಬಿದ್ದರೆ ಒಂದು ಮಳೆಗಾಲಕ್ಕೆ ಮಣ್ಣಾಗುತ್ತದೆ. ಮುಡಿಯನ್ನು ಕಾಪಾಡಿದ್ದು ಅಡುಗೆಮನೆಯ ಹೊಗೆ ತಾಗುವ ಅಟ್ಟ. ಮೂಡುಬಿದಿರೆಯ ಬಸದಿಯಲ್ಲಿ ಉಳಿದುಬಂದ ಧವಲಾ ಗ್ರಂಥಗಳ ತಾಳೆಗರಿಗಳು ಸುಮಾರು ಎಂಟು ನೂರು ವರ್ಷ ಹಳೆಯವು. ತಾಳೆಗರಿಯೂ ಕೊಳೆಯುವ ವಸ್ತುವೇ. ನೀರು ತಾಗದಂತೆ ಇಟ್ಟದ್ದರಿಂದ ಉಳಿಯಿತು. ಹಾಗಾಗಿ 'ಇದು ಎಷ್ಟು ದಿನದಲ್ಲಿ ಕೊಳೆಯುತ್ತದೆ' ಎಂದಷ್ಟೇ ಕೇಳಿದರೆ ಸಾಲದು, 'ಎಲ್ಲಿ' ಎಂದೂ ಕೇಳಬೇಕು.

ಪಿಷ್ಟದ ಗುಣ ನಮ್ಮ ಮನೆಗಳಿಗೆ ಹೊಸದಲ್ಲ. ಬಟ್ಟೆಗೆ ಹಾಕುವ ಗಂಜಿ ಎಂದರೆ ನೂಲಿನ ಮೇಲೆ ಕೂತ ಪಿಷ್ಟದ ಪದರ. ಹಪ್ಪಳ ಅರೆ ಒಣಗಿದಾಗ ಬಾಗುತ್ತದೆ, ಪೂರ್ತಿ ಒಣಗಿದರೆ ಮುರಿಯುತ್ತದೆ. ಅದನ್ನು ಬಾಗಿಸುತ್ತಿದ್ದದ್ದು ಒಳಗಿನ ನೀರು. ನಾವು ಆ ನೀರಿನ ಜಾಗಕ್ಕೆ ಗ್ಲಿಸರಿನ್ ಹಾಕುತ್ತೇವೆ. ಆದರೆ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಮೃದುವಾಗಿದ್ದ ಹಾಳೆ ಮಳೆಗಾಲದಲ್ಲಿ ಅಂಟಾಗುವುದು ಅದಕ್ಕೇ. ನಿನ್ನೆಯ ಕಡುಬು ಇವತ್ತು ಗಟ್ಟಿಯಾಗುವಂತೆ, ಹಾಳೆಯೂ ದಿನ ಕಳೆದಂತೆ ಬಿರುಸಾಗುತ್ತದೆ.

ಪಿಷ್ಟದ ಪ್ಲಾಸ್ಟಿಕ್ಕಿನ ಚರಿತ್ರೆಯೇ ಈ ನೀರಿನಿಂದ ತಪ್ಪಿಸಿಕೊಳ್ಳುವ ಚರಿತ್ರೆ. 1970ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಗ್ರಿಫಿನ್ ಎಂಬವರು ಪಾಲಿಥೀನಿಗೆ ಪಿಷ್ಟದ ಕಣಗಳನ್ನು ಬೆರೆಸಿದರು. ಅಮೆರಿಕದ ಪಿಯೋರಿಯಾದ ಕೃಷಿ ಪ್ರಯೋಗಾಲಯದಲ್ಲಿ ಓಟೆ ಮತ್ತು ಸಂಗಡಿಗರು ಪಿಷ್ಟದ ಪಾಲು ಹೆಚ್ಚಿರುವ ಹಾಳೆ ಮಾಡಿದರು. 1980ರ ದಶಕದ ಕೊನೆಗೆ ಅಮೆರಿಕದ ಅಂಗಡಿಗಳಲ್ಲಿ ಇಂಥ ಮಿಶ್ರಣದ ಚೀಲಗಳು 'ಕೊಳೆಯುವ ಚೀಲ' ಎಂದೇ ಮಾರಾಟವಾದವು. ಸೂಕ್ಷ್ಮಜೀವಿಗಳು ಪಿಷ್ಟವನ್ನು ತಿಂದವು, ಪಾಲಿಥೀನ್ ಚೂರುಚೂರಾಗಿ ಮಣ್ಣಲ್ಲೇ ಉಳಿಯಿತು. ಈ ಸಂಶೋಧನೆಯ ಮೇಲೆ ಜನರಿಗಿರುವ ಅನುಮಾನಕ್ಕೆ ಇದೂ ಒಂದು ಕಾರಣ, ಅದು ನ್ಯಾಯವೇ.

ಈಗ ಪಾಲಿಥೀನಿನ ಜಾಗಕ್ಕೆ ತಾನೂ ಕೊಳೆಯುವ ಪಾಲಿಯೆಸ್ಟರ್ ಬಂದಿದೆ. ಇಟಲಿಯ ನೊವಾಮಾಂಟ್ ಪಿಷ್ಟದ ಮಿಶ್ರಣಗಳನ್ನು ಮಾರುಕಟ್ಟೆಗೆ ತಂದಿತು. 1998ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಪಿಬಿಎಟಿ ಎಂಬ ಪಾಲಿಯೆಸ್ಟರನ್ನು ಮಾರತೊಡಗಿತು. ಪಿಬಿಎಟಿ ಹೆಚ್ಚಾಗಿ ಪೆಟ್ರೋಲಿಯಂನಿಂದಲೇ ಆಗುವುದು, ಆದರೂ ಕೊಳೆಯುತ್ತದೆ. 'ಜೋಳದಿಂದ ಮಾಡಿದ ಚೀಲ' ಎಂದು ಕೈಗೆ ಬರುವುದರಲ್ಲಿ ಎಷ್ಟೋ ಸಲ ಇದರ ಪಾಲೇ ದೊಡ್ಡದು. ಪಿಷ್ಟಕ್ಕೆ ನೀರು ಬೇಕು, ಪಾಲಿಯೆಸ್ಟರಿಗೆ ಬೇಡ. ಬೆರೆಸಿ ಬಿಟ್ಟರೆ ಎರಡೂ ಬೇರೆಬೇರೆ ಕೂರುತ್ತವೆ, ಹಾಳೆ ಹರಿಯುತ್ತದೆ. ನಡುವೆ ಕೊಂಡಿಯಾಗಿ ಮ್ಯಾಲಿಕ್ ಅನ್‌ಹೈಡ್ರೈಡ್‌ನಂಥದ್ದನ್ನು ಸೇರಿಸುತ್ತೇವೆ. ನನ್ನ ಎರಡು ವರ್ಷ ಹೋದದ್ದು ಈ ಕೊಂಡಿಯ ಹದ ಹುಡುಕುವುದರಲ್ಲೇ.

ಕರ್ನಾಟಕ 2016ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳೂ ನಿಂತವು, ಕಾಗದದ ಮೇಲಾದರೂ. 'ಗೊಬ್ಬರವಾಗುವ' ಚೀಲಕ್ಕೆ ರಿಯಾಯಿತಿ ಇದೆ. ಅದಕ್ಕೆ ಐಎಸ್‌ಒ 17088 ಮಾನದಂಡ ಬೇಕು. ಆದರೆ ಅದರ ಮುಖ್ಯ ಪರೀಕ್ಷೆ ನಡೆಯುವುದು 58 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಆ ಬಿಸಿ ವಾರಗಟ್ಟಲೆ ಉಳಿಯುತ್ತದೆ, ಬಂಟ್ವಾಳದ ಚರಂಡಿಯಲ್ಲಿ ಉಳಿಯುವುದಿಲ್ಲ. ನಮ್ಮದೇ ಅಡಿಕೆ ಹಾಳೆಯ ತಟ್ಟೆಗೆ ಈ ರಗಳೆಯಿಲ್ಲ. ನೆನೆಸಿ ಬಿಸಿ ಅಚ್ಚಿನಲ್ಲಿ ಒತ್ತಿದರೆ ಮುಗಿಯಿತು. ಆದರೆ ಅದರಲ್ಲಿ ಹಾಲು ಕಟ್ಟಿ ಕೊಡಲಾಗದು, ಒಳಗೇನಿದೆ ಎಂದು ಕಾಣುವುದೂ ಇಲ್ಲ. ಆ ಕೆಲಸಕ್ಕೆ ತೆಳು ಹಾಳೆ ಬೇಕೇ ಬೇಕು.

ಕಳೆದ ಭಾನುವಾರ ಹೊಸ ಹಾಳೆಯ ಎರಡು ತುಂಡು ಹಿಡಿದು ಅಜ್ಜಿಯ ಮನೆಗೆ ಹೋಗಿದ್ದೆ. ಒಂದನ್ನು ತೋಟದ ಗೊಬ್ಬರದ ಗುಂಡಿಯಲ್ಲಿ ಹೂತು ಕೋಲು ನೆಟ್ಟು ಬಂದೆ. ಇನ್ನೊಂದರಲ್ಲಿ ಅಜ್ಜಿ ಅರ್ಧ ಸೇರು ಹುರುಳಿ ಕಟ್ಟಿ, ಅಟ್ಟದಲ್ಲಿ ಮೊದಲು ಮುಡಿ ಇಡುತ್ತಿದ್ದ ಜಾಗದಲ್ಲೇ ಇಟ್ಟಿದ್ದಾರೆ. ಆಟಿ ಕಳೆದ ಮೇಲೆ ಎರಡನ್ನೂ ತೆಗೆದು ನೋಡುವುದೆಂದು ಮಾತಾಗಿದೆ.